ಗೇಮಿಂಗ್ ಲ್ಯಾಪ್‌ಟಾಪ್: ಹೆಸರು ನೋಡಿ ಮರುಳಾಗಬೇಡಿ, ವ್ಯಾಟ್ ಎಷ್ಟೆಂದು ಕೇಳಿ

ಬೆಂಗಳೂರು: ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ನಗರದ ದಕ್ಷಿಣ ಭಾಗದ ಮಧ್ಯಮ ವರ್ಗದ ಮನೆಗಳಲ್ಲಿ ಪ್ರತಿವರ್ಷ ಹೊಸದೊಂದು ಚರ್ಚೆ ಆರಂಭವಾಗುತ್ತದೆ. ಬನಶಂಕರಿಯ ಪಿಇಎಸ್, ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್, ಬಸವನಗುಡಿಯ ಬಿಎಂಎಸ್ ಮುಂತಾದ ಕಾಲೇಜುಗಳಿಗೆ ಸೇರುವ ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಬೇಕು. ಅದು ‘ಗೇಮಿಂಗ್’ ಲ್ಯಾಪ್‌ಟಾಪೇ ಆಗಬೇಕು ಎಂಬುದು ಮಕ್ಕಳ ಹಟ. ಓದಿಗೆ ಅಷ್ಟು ದುಬಾರಿ ಯಂತ್ರವೇಕೆ ಎಂಬುದು ಹೆತ್ತವರ ಪ್ರಶ್ನೆ.

ಈ ವರ್ಗದ ಉತ್ತಮ ಲ್ಯಾಪ್‌ಟಾಪ್‌ಗಳ ಬೆಲೆ ಲಕ್ಷ ರೂಪಾಯಿಯನ್ನು ಸುಲಭವಾಗಿ ದಾಟುತ್ತದೆ. ಅನೇಕ ಕುಟುಂಬಗಳು ಕಂತಿನ ಮೇಲೆ ಖರೀದಿಸುತ್ತವೆ. ಮೊಬೈಲ್ ಫೋನಿನಂತೆ ಎರಡು ವರ್ಷಕ್ಕೊಮ್ಮೆ ಬದಲಾಯಿಸುವ ವಸ್ತು ಇದಲ್ಲ. ಇದರಲ್ಲಿರುವ ಗ್ರಾಫಿಕ್ಸ್ ಚಿಪ್ಪನ್ನು ಮುಂದೆ ಬದಲಿಸಲು ಸಾಧ್ಯವೂ ಇಲ್ಲ. ಹೀಗಾಗಿ ಅಂಗಡಿಯಲ್ಲಿ ಆಗುವ ಒಂದು ತಪ್ಪು ನಾಲ್ಕು ವರ್ಷದ ಪದವಿ ಮುಗಿಯುವವರೆಗೂ ಕಾಡುತ್ತದೆ.

ಹೆತ್ತವರ ಪ್ರಶ್ನೆಗೆ ಉತ್ತರವಿಲ್ಲದಿಲ್ಲ. ಮೂರು ಆಯಾಮದ ವಿನ್ಯಾಸ, ಅನಿಮೇಶನ್, ವಿಡಿಯೋ ಸಂಕಲನ, ಕೃತಕ ಬುದ್ಧಿಮತ್ತೆಯ ಅಭ್ಯಾಸ ಇವೆಲ್ಲಕ್ಕೂ ಬೇಕಾಗುವುದು ಇದೇ ಗ್ರಾಫಿಕ್ಸ್ ಚಿಪ್. ಆಟಗಳನ್ನು ರೂಪಿಸುವುದೂ ಬೆಂಗಳೂರಿನಲ್ಲಿ ಬೇರೂರಿದ ವೃತ್ತಿಯೇ. 1997ರಲ್ಲಿ ಇಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಖ್ಯಾತಿಯ ರಾಕ್‌ಸ್ಟಾರ್ ಗೇಮ್ಸ್ ಖರೀದಿಸಿತು. ಆದರೆ ಬರವಣಿಗೆ, ಸಾಮಾನ್ಯ ಪ್ರೋಗ್ರಾಮಿಂಗ್‌ಗಳಷ್ಟೇ ಕೆಲಸವಾಗಿದ್ದರೆ ಗೇಮಿಂಗ್ ಲ್ಯಾಪ್‌ಟಾಪ್ ಅನಗತ್ಯ ಹೊರೆ ಎಂಬುದರಲ್ಲಿ ಎರಡು ಮಾತಿಲ್ಲ.

ಹೆಸರು ಒಂದೇ, ಶಕ್ತಿ ಬೇರೆ

ಗ್ರಾಹಕರು ಮೊದಲು ಎಡವುವುದು ಗ್ರಾಫಿಕ್ಸ್ ಚಿಪ್ಪಿನ ಹೆಸರಿನಲ್ಲಿ. ‘ಆರ್‌ಟಿಎಕ್ಸ್ 4060’ ಎಂಬ ಚೀಟಿ ಅಂಟಿಸಿದ ಎರಡು ಲ್ಯಾಪ್‌ಟಾಪ್‌ಗಳ ಶಕ್ತಿ ಒಂದೇ ಆಗಿರಬೇಕೆಂದಿಲ್ಲ. ಈ ಚಿಪ್ಪಿಗೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ವಿದ್ಯುತ್ ಬೇಕಾದರೂ ನಿಗದಿಪಡಿಸುವ ಅವಕಾಶವನ್ನು ಎನ್‌ವಿಡಿಯಾ ಕಂಪನಿಯು ಲ್ಯಾಪ್‌ಟಾಪ್ ತಯಾರಕರಿಗೆ ನೀಡಿದೆ. ತೆಳುವಾದ, ಹಗುರವಾದ ಮಾದರಿಗಳಲ್ಲಿ ಕಡಿಮೆ ವ್ಯಾಟ್, ದಪ್ಪನೆಯ ಮಾದರಿಗಳಲ್ಲಿ ಹೆಚ್ಚು ವ್ಯಾಟ್ ಇರುವುದು ಸಾಮಾನ್ಯ. ಕಡಿಮೆ ವ್ಯಾಟ್‌ಗೆ ಕಟ್ಟಿಹಾಕಿದ 4070 ಚಿಪ್ಪನ್ನು ಪೂರ್ಣ ವ್ಯಾಟ್‌ನ 4060 ಹಿಂದಿಕ್ಕಬಲ್ಲದು. ಹೆಚ್ಚು ಹಣ ಕೊಟ್ಟವರಿಗೆ ಕಡಿಮೆ ವೇಗ ದೊರೆಯುವ ವಿಪರ್ಯಾಸ ಇದು. ‘ಹೆಸರಿಗೆ ಹೊನ್ನಹೆಗ್ಗಡೆ, ಎಸರಿಗೆ ಅಕ್ಕಿಯಿಲ್ಲ’ ಎಂಬ ಗಾದೆ ಇಂಥ ಯಂತ್ರಗಳಿಗೇ ಹೇಳಿ ಮಾಡಿಸಿದಂತಿದೆ.

ಹಿಂದೆ ಕಡಿಮೆ ವಿದ್ಯುತ್ತಿನ ಚಿಪ್ಪುಗಳ ಹೆಸರಿನೊಂದಿಗೆ ‘ಮ್ಯಾಕ್ಸ್-ಕ್ಯೂ’ ಎಂಬ ಗುರುತು ಇರುತ್ತಿತ್ತು. 2021ರಲ್ಲಿ ಬಂದ 30 ಸರಣಿಯಿಂದ ಆ ಗುರುತು ಹೆಸರಿನಿಂದ ಮಾಯವಾಯಿತು. ಈಗ ಗ್ರಾಹಕರೇ ವಿಚಾರಿಸಬೇಕು. ವ್ಯಾಟ್ ಸಂಖ್ಯೆ ತಯಾರಕರ ಜಾಲತಾಣದಲ್ಲಿ ಸಣ್ಣ ಅಕ್ಷರಗಳಲ್ಲಿ ‘ಟಿಜಿಪಿ’ ಅಥವಾ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಎಂಬ ಹೆಸರಿನಲ್ಲಿರುತ್ತದೆ. ಅಂಗಡಿಯಲ್ಲಿ ಯಂತ್ರ ಚಾಲೂ ಇದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ‘ಸಿಸ್ಟಂ ಇನ್ಫರ್ಮೇಶನ್’ ಒತ್ತಿದರೂ ಅದು ಕಾಣುತ್ತದೆ.

ಮೇಜಿನ ಮೇಲಿಡುವ ಕಂಪ್ಯೂಟರಿನ ಚಿಪ್ಪಿಗೂ ಲ್ಯಾಪ್‌ಟಾಪ್ ಚಿಪ್ಪಿಗೂ ಒಂದೇ ಸಂಖ್ಯೆ ಇರುವುದು ಇನ್ನೊಂದು ಗೊಂದಲ. 2025ರಲ್ಲಿ ಬಂದ ಆರ್‌ಟಿಎಕ್ಸ್ 5070 ಡೆಸ್ಕ್‌ಟಾಪ್ ಕಾರ್ಡ್ 250 ವ್ಯಾಟ್ ಬಳಸುತ್ತದೆ, ಅದರಲ್ಲಿ 12 ಜಿಬಿ ಸ್ಮೃತಿಯಿದೆ. ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿನ ಮಿತಿ 50ರಿಂದ 100 ವ್ಯಾಟ್, ಸ್ಮೃತಿ 8 ಜಿಬಿ. ಆದ್ದರಿಂದ ಡೆಸ್ಕ್‌ಟಾಪ್ ಕಾರ್ಡಿನ ವಿಮರ್ಶೆ ಓದಿ ಲ್ಯಾಪ್‌ಟಾಪ್ ಕೊಳ್ಳುವುದು ಸಲ್ಲ.

ಜಾಹೀರಾತಿನ ಅಂಕಿಗಳನ್ನೂ ಎಚ್ಚರದಿಂದ ಓದಬೇಕು. 2025ರ ಜನವರಿಯಲ್ಲಿ ಲಾಸ್ ವೇಗಾಸ್‌ನಲ್ಲಿ ಹೊಸ ಸರಣಿಯನ್ನು ಬಿಡುಗಡೆ ಮಾಡಿದ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್, 5070 ಕಾರ್ಡ್ ಹಿಂದಿನ 4090ರ ಸಾಮರ್ಥ್ಯ ನೀಡುತ್ತದೆ ಎಂದಿದ್ದರು. ಕೃತಕ ಬುದ್ಧಿಮತ್ತೆಯು ನಡುನಡುವೆ ಸೃಷ್ಟಿಸಿ ಸೇರಿಸುವ ಚಿತ್ರಗಳನ್ನೂ ಎಣಿಸಿದ ಲೆಕ್ಕ ಅದು. ಇಂಥ ಚಿತ್ರಗಳಿಂದ ದೃಶ್ಯ ನುಣುಪಾಗಿ ಕಾಣುತ್ತದೆಯೇ ಹೊರತು ಕೈಯೊತ್ತಿಗೆ ಆಟ ಸ್ಪಂದಿಸುವ ವೇಗ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಶಾಖವೇ ಶತ್ರು

ಚಿಪ್ಪು ಹೀರಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬರಲೇಬೇಕು. ಹೊರಹೋಗದಿದ್ದರೆ ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಮೊದಲ ಹತ್ತು ನಿಮಿಷ ಚುರುಕಾಗಿದ್ದ ಆಟ ಅರ್ಧ ಗಂಟೆಯ ಬಳಿಕ ತಡವರಿಸುವುದು ಇದೇ ಕಾರಣಕ್ಕೆ.

ಬೆಂಗಳೂರಿನ ಹವೆ ತಂಪು ಎಂಬ ನಂಬಿಕೆ ಇಲ್ಲಿ ಪೂರ್ತಿ ನೆರವಿಗೆ ಬರುವುದಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಮೇಲಾಗಿ ನಗರವು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ತುಸು ತೆಳು. ಫ್ಯಾನ್ ಅಷ್ಟೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಶಾಖ ತುಸು ಕಡಿಮೆ.

ಹಾಗಾಗಿ ಖರೀದಿಗೆ ಮುನ್ನ ಅದೇ ಮಾದರಿಯನ್ನು ಅರ್ಧ ಗಂಟೆಗೂ ಹೆಚ್ಚು ಕಾಲ ಓಡಿಸಿ ಪರೀಕ್ಷಿಸಿದ ವಿಮರ್ಶೆಗಳನ್ನು ನೋಡುವುದು ಲೇಸು. ಎರಡು ಫ್ಯಾನ್‌ಗಳು, ಹಿಂಬದಿ ಮತ್ತು ಪಕ್ಕದಲ್ಲಿ ಬಿಸಿಗಾಳಿ ಹೋಗುವ ಕಿಂಡಿಗಳು ಇರಬೇಕು. ಹಾಸಿಗೆಯ ಮೇಲಿಟ್ಟು ಆಡುವ ಅಭ್ಯಾಸ ಒಳ್ಳೆಯದಲ್ಲ, ಕೆಳಗಿನ ಕಿಂಡಿಗಳು ಮುಚ್ಚಿಹೋಗುತ್ತವೆ. ರಸ್ತೆ ಬದಿಯ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಫ್ಯಾನಿನ ಧೂಳು ತೆಗೆಸಬೇಕು.

ಸ್ಮೃತಿ ಎಷ್ಟಿರಬೇಕು?

ಗ್ರಾಫಿಕ್ಸ್ ಚಿಪ್ಪಿಗೆ ತನ್ನದೇ ಆದ ಸ್ಮೃತಿಯಿರುತ್ತದೆ. 2024ರ ಡಿಸೆಂಬರ್‌ನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’ ಹಾಗೂ 2025ರ ಮೇ ತಿಂಗಳಲ್ಲಿ ಬಂದ ‘ಡೂಮ್: ದ ಡಾರ್ಕ್ ಏಜಸ್’ ಆಟಗಳು ಕನಿಷ್ಠ 8 ಜಿಬಿ ಗ್ರಾಫಿಕ್ಸ್ ಸ್ಮೃತಿಯನ್ನು ಕೇಳುತ್ತವೆ. ಆರ್‌ಟಿಎಕ್ಸ್ 4050 ಲ್ಯಾಪ್‌ಟಾಪ್ ಚಿಪ್ಪಿನಲ್ಲಿರುವುದು 6 ಜಿಬಿ ಮಾತ್ರ. ಉನ್ನತ ಮಟ್ಟದ ಆಟಗಳೇ ಗುರಿಯಾಗಿದ್ದರೆ 8 ಜಿಬಿ ಎಂಬುದು ಕೆಳಮಿತಿ. ಹಲವು ವರ್ಷ ಬಾಳಿಕೆ ಬೇಕೆನ್ನುವವರು 12 ಜಿಬಿಯ 5070 ಟಿಐ ಅಥವಾ 16 ಜಿಬಿಯ 5080 ಚಿಪ್ಪುಗಳತ್ತ ನೋಡಬೇಕು.

ಯಂತ್ರದ ಮುಖ್ಯ ಸ್ಮೃತಿ, ಅಂದರೆ ರ್‍ಯಾಮ್, 16 ಜಿಬಿಗಿಂತ ಕಡಿಮೆ ಇರಬಾರದು. ಒಂದೇ 16 ಜಿಬಿ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳಿದ್ದರೆ ವೇಗ ಹೆಚ್ಚು. ಬೆಲೆ ಇಳಿಸಲು ಒಂದೇ ಪಟ್ಟಿ ಹಾಕಿರುವ ಮಾದರಿಗಳಿವೆ. ‘ಆಮೇಲೆ ಹಾಕಿಸಿದರಾಯಿತು’ ಎಂಬ ಮಾತು ಮೊದಲಿನಷ್ಟು ಅಗ್ಗವಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ವಿಶ್ವದಾದ್ಯಂತ ತೀವ್ರವಾಗಿ ಏರಿತು. ಸಂಗ್ರಹಕ್ಕೆ 1 ಟಿಬಿ ಎಸ್‌ಎಸ್‌ಡಿ ಇರಲಿ. ‘ರೆಡ್ ಡೆಡ್ ರಿಡೆಂಪ್ಶನ್ 2’ ಆಟವೊಂದೇ 150 ಜಿಬಿ ಜಾಗ ಕೇಳುತ್ತದೆ.

ಪರದೆಯ ವಿಷಯದಲ್ಲಿ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಾಗುತ್ತದೆ ಎಂಬುದು ಮುಖ್ಯ. 60 ಹರ್ಟ್ಸ್ ಪರದೆ ಸುಮಾರು 17 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸಿದರೆ 144 ಹರ್ಟ್ಸ್ ಪರದೆ 7 ಮಿಲಿಸೆಕೆಂಡಿಗೊಮ್ಮೆ ಬದಲಿಸುತ್ತದೆ. ವಿನ್ಯಾಸ ಕಲಿಯುವವರಾದರೆ ‘ಶೇ 100 ಎಸ್‌ಆರ್‌ಜಿಬಿ’ ಎಂಬ ಗುರುತು ನೋಡಬೇಕು. ‘ಶೇ 45 ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣಗಳು ಸಪ್ಪೆ ಎಂದೇ ಅರ್ಥ.

ಕರೆಂಟ್ ಬಿಲ್ಲಿನ ಲೆಕ್ಕ

ಗೇಮಿಂಗ್ ಲ್ಯಾಪ್‌ಟಾಪ್ ಪೂರ್ಣ ಶಕ್ತಿಯಿಂದ ಓಡುವುದು ಚಾರ್ಜರ್ ಸಿಕ್ಕಿಸಿದಾಗ ಮಾತ್ರ. ಬ್ಯಾಟರಿಯಲ್ಲಿ ವೇಗ ತೀರಾ ಇಳಿಯುತ್ತದೆ. ಆಟದ ವೇಳೆ 250 ವ್ಯಾಟ್ ಬಳಸುವ ಯಂತ್ರವನ್ನು ದಿನಕ್ಕೆ ನಾಲ್ಕು ಗಂಟೆ ಓಡಿಸಿದರೆ ಒಂದು ಯೂನಿಟ್, ತಿಂಗಳಿಗೆ 30 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಯ ಉಚಿತ ಮಿತಿಯನ್ನು ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಪಡಿಸಲಾಗಿದೆ. ಮಿತಿ ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಮನೆಯವರದೇ. ಶೂನ್ಯ ಬಿಲ್ ಪಡೆಯುತ್ತಿರುವ ಕುಟುಂಬಗಳು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳಿತು.

ತೂಕವನ್ನೂ ಮರೆಯಬಾರದು. ಎರಡೂವರೆ ಕಿಲೋ ಲ್ಯಾಪ್‌ಟಾಪ್‌ನೊಂದಿಗೆ ಇಟ್ಟಿಗೆಯಂಥ ಚಾರ್ಜರ್ ಸೇರಿದರೆ ಹೊರೆ ಮೂರು ಕಿಲೋ ದಾಟುತ್ತದೆ. ಬಿಟಿಎಂ ಬಡಾವಣೆಯ ಪಿಜಿಯಿಂದ ಬಸ್ಸಿನಲ್ಲಿ ನಿಂತು ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ನಿತ್ಯ ಇದು ಸಣ್ಣ ಹೊರೆಯಲ್ಲ.

ಎಲ್ಲಿ ಕೊಳ್ಳುವುದು?

ಜಯನಗರ, ಜೆ.ಪಿ.ನಗರಗಳ ಮಳಿಗೆಗಳಲ್ಲಿ ಯಂತ್ರವನ್ನು ಮುಟ್ಟಿ, ಕೀಲಿಮಣೆ ಒತ್ತಿ ನೋಡಬಹುದು. ಬೆಲೆ ಚೌಕಾಸಿಗೆ ಹೆಸರಾದ ಎಸ್.ಪಿ.ರಸ್ತೆಯೂ ಈಗ ದೂರವಲ್ಲ. ಜಯನಗರ, ಬನಶಂಕರಿ, ಜೆ.ಪಿ.ನಗರಗಳಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದರೆ ಸಾಕು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾದ ಮೇಲೆ ಬಿಟಿಎಂ ಬಡಾವಣೆಯವರೂ ಆರ್.ವಿ.ರಸ್ತೆ ನಿಲ್ದಾಣದಲ್ಲಿ ಮಾರ್ಗ ಬದಲಿಸಿ ಅಲ್ಲಿಗೆ ತಲುಪಬಹುದು. ದಸರಾ, ದೀಪಾವಳಿಯ ಆನ್‌ಲೈನ್ ಮಾರಾಟದ ಬೆಲೆಯನ್ನೂ ಹೋಲಿಸಬೇಕು.

ಎಲ್ಲೇ ಕೊಂಡರೂ ಮಾದರಿಯ ಪೂರ್ಣ ಸಂಖ್ಯೆ ಮತ್ತು ಸೀರಿಯಲ್ ಸಂಖ್ಯೆ ನಮೂದಾದ ಜಿಎಸ್‌ಟಿ ಬಿಲ್ ಪಡೆಯಲೇಬೇಕು. ಮನೆಗೆ ಬಂದು ದುರಸ್ತಿ ಮಾಡುವ ವಾರಂಟಿಯೋ, ಸೇವಾ ಕೇಂದ್ರಕ್ಕೆ ಒಯ್ಯಬೇಕೋ ಎಂಬುದನ್ನು ಕೇಳಿಕೊಳ್ಳಬೇಕು. ಮೋಸ ಹೋದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ನೀಡಬಹುದು. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ.

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಅದು ವಿಂಡೋಸ್ 11ಕ್ಕೆ ಅರ್ಹವೇ ಎಂದು ನೋಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಮನೆಯಲ್ಲೇ ಕುಳಿತು ಆಡುವವರಿಗೆ ಡೆಸ್ಕ್‌ಟಾಪ್ ಈಗಲೂ ಹೆಚ್ಚು ಲಾಭಕರ. ಅದರ ಗ್ರಾಫಿಕ್ಸ್ ಕಾರ್ಡನ್ನು ಮುಂದೆ ಬದಲಿಸಬಹುದು. ಊರಿಗೂ ಕಾಲೇಜಿಗೂ ಒಯ್ಯಲೇಬೇಕೆಂಬವರಿಗೆ ಮಾತ್ರ ಲ್ಯಾಪ್‌ಟಾಪ್ ಸರಿ. ಅಂಥವರು ಅಂಗಡಿಯ ಮೆಟ್ಟಿಲೇರುವ ಮುನ್ನ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಸಾಕು: ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವ್ಯಾಟ್? ಅದರ ಸ್ಮೃತಿ ಎಷ್ಟು ಜಿಬಿ? ಅರ್ಧ ಗಂಟೆ ಆಡಿದ ಮೇಲೂ ವೇಗ ಉಳಿಯುತ್ತದೆಯೇ? ಈ ಮೂರಕ್ಕೂ ನೇರ ಉತ್ತರ ಸಿಗದ ಕಡೆ ಹಣ ತೆಗೆಯುವ ಅವಸರ ಬೇಡ.