ವೀರ್ಯನಾಳ ಮರುಜೋಡಣೆ ಶಸ್ತ್ರಚಿಕಿತ್ಸೆ: ನಂತರದ ಶಾರೀರಿಕ ಹಾಗೂ ಮಾನಸಿಕ ಆರೈಕೆ

ಪುರುಷ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯನ್ನು, ಅಂದರೆ ವ್ಯಾಸೆಕ್ಟಮಿಯನ್ನು, ಶಾಶ್ವತ ವಿಧಾನವೆಂದೇ ಪರಿಗಣಿಸಲಾಗುತ್ತದೆ. ಆದಾಗ್ಯೂ ಮಗುವಿನ ಮರಣ, ಮರುವಿವಾಹ ಮುಂತಾದ ಕಾರಣಗಳಿಂದ ಕೆಲವರು ವೀರ್ಯನಾಳದ ಮರುಜೋಡಣೆಯನ್ನು ಕೋರುವುದುಂಟು. 2004ರ ಸುನಾಮಿಯಲ್ಲಿ ಮಕ್ಕಳನ್ನು ಕಳೆದುಕೊಂಡಿದ್ದ, ಸಂತಾನಶಕ್ತಿಹರಣ ಮಾಡಿಸಿಕೊಂಡಿದ್ದ ದಂಪತಿಗಳಿಗೆ ತಮಿಳುನಾಡು ಸರ್ಕಾರವು ಮರುಜೋಡಣೆಗೆ ನೆರವು ನೀಡಿದ್ದನ್ನು ಇಲ್ಲಿ ಸ್ಮರಿಸಬಹುದು. ಇಂತಹ ಅರ್ಜಿದಾರರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಫಲಿತಾಂಶದ ಬಗ್ಗೆ

ನಾಳವು ತೆರೆದುಕೊಳ್ಳುವುದು ಬೇರೆ, ಗರ್ಭಧಾರಣೆಯಾಗುವುದು ಬೇರೆ. ಅಮೆರಿಕದಲ್ಲಿ 1,469 ಪುರುಷರನ್ನು ಕುರಿತು ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಶಸ್ತ್ರಚಿಕಿತ್ಸೆಯಾಗಿ ಕಳೆದ ಅವಧಿಗೆ ಅನುಗುಣವಾಗಿ ಕಂಡುಬಂದ ಫಲಿತಾಂಶ ಹೀಗಿದೆ:

• 3 ವರ್ಷಕ್ಕಿಂತ ಕಡಿಮೆ: ವೀರ್ಯಾಣು ಮರಳಿದ್ದು ಶೇ. 97, ಗರ್ಭಧಾರಣೆ ಶೇ. 76
• 3ರಿಂದ 8 ವರ್ಷ: ಶೇ. 88, ಶೇ. 53
• 9ರಿಂದ 14 ವರ್ಷ: ಶೇ. 79, ಶೇ. 44
• 15 ವರ್ಷ ಮತ್ತು ಮೇಲ್ಪಟ್ಟು: ಶೇ. 71, ಶೇ. 30

ಪತ್ನಿಯ ವಯಸ್ಸು ಹಾಗೂ ಆರೋಗ್ಯವೂ ಅಷ್ಟೇ ಮುಖ್ಯವಾದುದರಿಂದ, ಶಸ್ತ್ರಚಿಕಿತ್ಸೆಗೆ ಮುನ್ನವೇ ದಂಪತಿಗಳಿಬ್ಬರೂ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ.

2. ಶಾರೀರಿಕ ಆರೈಕೆ

• ಮೊದಲ ಕೆಲವು ದಿನ ವೃಷಣಚೀಲದಲ್ಲಿ ನೋವು, ಬಾವು ಹಾಗೂ ಕಂದಿದ ಬಣ್ಣ ಇರುವುದು ಸಹಜ. ಮೊದಲ ಒಂದೆರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಇಟ್ಟುಕೊಳ್ಳಬಹುದು.
• ಆಧಾರ ನೀಡುವ ಬಿಗಿಯಾದ ಒಳಉಡುಪನ್ನು ವೈದ್ಯರು ಹೇಳಿದಷ್ಟು ದಿನ ಧರಿಸತಕ್ಕದ್ದು.
• ಕುಳಿತು ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ ಒಂದು ವಾರದೊಳಗೆ ಮರಳಬಹುದು. ಮೂಟೆ ಹೊರುವುದು, ಉಳುಮೆ, ಸೈಕಲ್ ಸವಾರಿ ಹಾಗೂ ದಾಂಪತ್ಯ ಸಂಪರ್ಕವನ್ನು ಕೆಲವು ವಾರಗಳವರೆಗೆ, ವೈದ್ಯರು ಅನುಮತಿಸುವ ತನಕ, ಕೈಬಿಡತಕ್ಕದ್ದು.
• ಜ್ವರ, ಗಾಯದಲ್ಲಿ ಕೀವು, ನಿಲ್ಲದ ರಕ್ತಸ್ರಾವ ಅಥವಾ ವೇಗವಾಗಿ ಹೆಚ್ಚುವ ಬಾವು ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ಬರತಕ್ಕದ್ದು.

3. ವೀರ್ಯ ಪರೀಕ್ಷೆ

ವೈದ್ಯರು ಸೂಚಿಸಿದ ದಿನಾಂಕಗಳಂದು ವೀರ್ಯ ಪರೀಕ್ಷೆ ಅವಶ್ಯ. ವೀರ್ಯಾಣುಗಳು ಕಾಣಿಸಿಕೊಳ್ಳಲು ಹಲವು ತಿಂಗಳು ಹಿಡಿಯಬಹುದು; ಮೊದಲ ವರದಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಚಿಕಿತ್ಸೆ ವಿಫಲವಾಯಿತೆಂದು ತಿಳಿಯಬಾರದು. ಕೆಲವರಲ್ಲಿ ಜೋಡಿಸಿದ ಜಾಗವು ಗಾಯದ ಕಲೆಯಿಂದ ಮತ್ತೆ ಮುಚ್ಚಿಕೊಳ್ಳುವುದೂ ಉಂಟು. ಆದ್ದರಿಂದ ಒಂದು ಉತ್ತಮ ವರದಿ ಬಂದ ನಂತರವೂ ಮುಂದಿನ ಪರೀಕ್ಷೆಗಳನ್ನು ತಪ್ಪಿಸಬಾರದು.

4. ಮಾನಸಿಕ ಕಾಳಜಿ

ಪುರುಷತ್ವ ಕುಂದುವುದೆಂಬ ಭಯ ಹಲವರಲ್ಲಿದೆ. ಪುರುಷ ಹಾರ್ಮೋನು ವೃಷಣದಿಂದ ನೇರವಾಗಿ ರಕ್ತಕ್ಕೆ ಸೇರುವುದರಿಂದ ನಾಳವನ್ನು ಕತ್ತರಿಸಿದಾಗಲೂ, ಜೋಡಿಸಿದಾಗಲೂ ಅದರ ಉತ್ಪತ್ತಿಗೆ ಧಕ್ಕೆಯಾಗುವುದಿಲ್ಲ.

ಇದಕ್ಕಿಂತ ಕಠಿಣವಾದುದು ಕಾಯುವಿಕೆ. ಪ್ರತಿ ತಿಂಗಳೂ ನಿರೀಕ್ಷಿಸಿ ನಿರಾಶರಾಗುವುದು, ಬಂಧುಗಳ ಪ್ರಶ್ನೆಗಳಿಗೆ ಉತ್ತರಿಸುವುದು ದಂಪತಿಗಳಿಗೆ ಭಾರವೆನಿಸುತ್ತದೆ. ಗರ್ಭಧಾರಣೆಯಾಗದಿದ್ದರೆ ಪತ್ನಿಯನ್ನಾಗಲಿ, ಹಿಂದೆ ಶಸ್ತ್ರಚಿಕಿತ್ಸೆಗೆ ಒಪ್ಪಿದ ತಮ್ಮನ್ನಾಗಲಿ ದೂಷಿಸಿಕೊಳ್ಳುವುದು ಸಲ್ಲದು. ಆ ದಿನದ ಪರಿಸ್ಥಿತಿಗೆ ಅದು ಸರಿಯಾದ ನಿರ್ಧಾರವೇ ಆಗಿತ್ತು ಎಂಬುದನ್ನು ನೆನಪಿಡಬೇಕು. ಮಗುವನ್ನು ಕಳೆದುಕೊಂಡವರು ಇನ್ನೊಂದು ವಿಷಯವನ್ನು ಗಮನಿಸಬೇಕು: ಹುಟ್ಟಲಿರುವ ಮಗು ಅಗಲಿದ ಮಗುವಿನ ಸ್ಥಾನ ತುಂಬಲಾರದು. ಆ ದುಃಖಕ್ಕೆ ತನ್ನದೇ ಸಮಯ ನೀಡಿ, ಬಳಿಕ ಶಸ್ತ್ರಚಿಕಿತ್ಸೆಯ ಬಗ್ಗೆ ನಿರ್ಧರಿಸುವುದು ಒಳಿತು. ಆಪ್ತಸಮಾಲೋಚನೆ ಬೇಕಾದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

5. ಇತರೆ ಮಾರ್ಗಗಳು

ಮರುಜೋಡಣೆ ಫಲಿಸದಿದ್ದಲ್ಲಿ ವೃಷಣದಿಂದ ವೀರ್ಯಾಣು ಪಡೆದು ಪ್ರನಾಳ ಶಿಶು ವಿಧಾನವನ್ನು ಅನುಸರಿಸಬಹುದು. 2021ರ ಕಾಯಿದೆಯನ್ವಯ ಇದಕ್ಕೆ ವಯೋಮಿತಿಯಿದ್ದು, ಮಹಿಳೆಗೆ 50, ಪುರುಷನಿಗೆ 55 ವರ್ಷ ಮೀರಿರಬಾರದು. ಕಾನೂನುಬದ್ಧ ದತ್ತು ಸ್ವೀಕಾರವೂ ಇನ್ನೊಂದು ಮಾರ್ಗವಾಗಿದೆ.

6. ಅರ್ಜಿದಾರರಿಗೆ ಸೂಚನೆ

ಸೂಕ್ಷ್ಮದರ್ಶಕದ ನೆರವಿನಿಂದ ನಡೆಸುವ ಈ ಶಸ್ತ್ರಚಿಕಿತ್ಸೆಯ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಹಿಂದಿನ ಶಸ್ತ್ರಚಿಕಿತ್ಸೆಯ ಪ್ರಮಾಣಪತ್ರ ಹಾಗೂ ಬಿಡುಗಡೆ ಪತ್ರದೊಂದಿಗೆ ಮೊದಲು ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಕರನ್ನು ಭೇಟಿ ಮಾಡಿ, ಸೌಲಭ್ಯವಿರುವ ಆಸ್ಪತ್ರೆ, ತಗಲುವ ವೆಚ್ಚ ಹಾಗೂ ಯಶಸ್ಸಿನ ಸಾಧ್ಯತೆಯನ್ನು ಕೇಳಿ ತಿಳಿದುಕೊಂಡ ನಂತರವೇ ಒಪ್ಪಿಗೆ ಪತ್ರಕ್ಕೆ ಸಹಿ ಮಾಡತಕ್ಕದ್ದು. ಈ ಭೇಟಿಗೆ ದಂಪತಿಗಳಿಬ್ಬರೂ ಒಟ್ಟಾಗಿ ಬರುವುದು ಅಪೇಕ್ಷಣೀಯ.