ಒರತೆ ಬತ್ತಿದರೆ ಗುಡ್ಡ ಹತ್ತಿ ನೋಡಬೇಕು

ಬೇಸಿಗೆ ಕಾಲಿಟ್ಟರೆ ದಕ್ಷಿಣ ಮತ್ತು ಪಶ್ಚಿಮ ಸಿಕ್ಕಿಂನ ಹಳ್ಳಿಗಳಲ್ಲಿ ನಸುಕಿಗೇ ಕೊಡಗಳ ಸಾಲು. ಗುಡ್ಡದ ಕಲ್ಲುಸಂದಿಯಿಂದ ಜಿನುಗುವ ನೀರನ್ನು ಅಲ್ಲಿನವರು ‘ಧಾರಾ’ ಎನ್ನುತ್ತಾರೆ; ನಮ್ಮ ಮಲೆನಾಡಿಗರ ಬಾಯಲ್ಲಿ ಅದೇ ಅಬ್ಬಿ. ರಾಜ್ಯದ ಹಳ್ಳಿಗರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಈ ನೀರೇ ಆಧಾರ. ಕೆಳಗೆ ತೀಸ್ತಾ ಹರಿಯುತ್ತದೆ, ನಿಜ. ಆದರೆ ಹೊಳೆ ಇರುವುದು ಕಣಿವೆಯ ತಳದಲ್ಲಿ, ಮನೆಗಳಿರುವುದು ಇಳಿಜಾರಿನ ನಡುವೆ. ಕಣ್ಣಿಗೆ ಕಂಡ ನೀರು ಕೊಡಕ್ಕೆ ಸಿಗುವುದಿಲ್ಲ.

ಹಿಮಾಲಯದ ನಮ್ಮ ಭಾಗದಲ್ಲಿ ಸುಮಾರು 30 ಲಕ್ಷ ಒರತೆಗಳಿದ್ದು, ಅರ್ಧದಷ್ಟು ಬತ್ತುತ್ತಿವೆ ಎಂದು ನೀತಿ ಆಯೋಗ 2018ರಲ್ಲಿ ಎಚ್ಚರಿಸಿತು. ಒರತೆಗೆ ಮೂಲ ನೆಲಕ್ಕಿಂಗಿದ ಮಳೆ; ಅದು ಸುರಿಯುವ ರೀತಿಯೇ ಬದಲಾಗಿದೆ. ಜಿಟಿಜಿಟಿ ಮಳೆ ನೆಲಕ್ಕಿಳಿಯುತ್ತದೆ. ಧೋ ಎಂದು ಸುರಿದದ್ದು ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ. ಮರವಿಲ್ಲದ, ದರಗಿಲ್ಲದ, ದನಕರು ತುಳಿದು ಗಟ್ಟಿಯಾದ ಇಳಿಜಾರಿನಲ್ಲಂತೂ ಅದನ್ನು ತಡೆದು ನಿಲ್ಲಿಸುವವರಿಲ್ಲ.

ಸಿಕ್ಕಿಂನ ಗ್ರಾಮೀಣಾಭಿವೃದ್ಧಿ ಇಲಾಖೆ 2008ರಲ್ಲಿ ‘ಧಾರಾ ವಿಕಾಸ’ ಯೋಜನೆ ಶುರು ಮಾಡಿದಾಗ ಹಿಡಿದದ್ದು ನೆಲಕ್ಕಿಳಿಯದ ಮಳೆಯ ಈ ಎಳೆಯನ್ನೇ. ಒರತೆ ಸೊರಗಿದರೆ ಟ್ಯಾಂಕು ಕಟ್ಟುವುದು, ಪೈಪು ಉದ್ದ ಮಾಡುವುದು ವಾಡಿಕೆ. ಇಲ್ಲಿ ಹಾಗಲ್ಲ. ನೀರು ಹೊರಬೀಳುವ ಜಾಗ ಬಿಟ್ಟು, ಅದು ಒಳಗಿಳಿಯುವ ಜಾಗ ಹುಡುಕಿದರು. ಬಂಡೆಯ ಪದರ ಯಾವ ಕಡೆ ವಾಲಿದೆ, ಬಿರುಕು ಎತ್ತ ಸಾಗಿದೆ ಎಂದು ನೋಡಿದರೆ, ಒಂದು ಊರಿನ ಒರತೆಗೆ ನೀರುಣಿಸುವ ನೆಲ ಕೆಲವೊಮ್ಮೆ ಗುಡ್ಡದ ಆಚೆ ಮಗ್ಗುಲಲ್ಲಿರುತ್ತದೆ.

ಆ ನೆಲದಲ್ಲಿ ಇಂಗುಗುಂಡಿ ತೋಡಿದರು. ಇಳಿಜಾರಿಗೆ ಅಡ್ಡಲಾಗಿ ಚಿಕ್ಕ ಚಿಕ್ಕ ಕಂದಕಗಳು. ಒಂದರ ಕೆಳಗೆ ನೇರ ಇನ್ನೊಂದಲ್ಲ, ಸ್ವಲ್ಪ ಪಕ್ಕಕ್ಕೆ. ಮೇಲಿನ ಎರಡರ ನಡುವೆ ನುಸುಳಿದ ನೀರನ್ನು ಕೆಳಗಿನದು ಹಿಡಿಯುತ್ತದೆ. ತೋಡಿದವರು ಊರಿನವರೇ, ಕೂಲಿ ಉದ್ಯೋಗ ಖಾತರಿಯದು. ಬೆಟ್ಟದ ತುದಿಯ ಒಣಗಿದ ಕೆರೆಗಳಿಗೂ ಜೀವ ತುಂಬಲು ನೋಡಿದರು.

ಫಲವನ್ನು ಅಳೆಯಲು ಒಂದು ಕೊಡ, ಒಂದು ಗಡಿಯಾರ ಸಾಕು. ಮೊದಲ ಪ್ರಯೋಗದ ಒರತೆಗಳಲ್ಲಿ, ನೀರಿನ ಅಭಾವದ ದಿನಗಳಲ್ಲಿ, ನಿಮಿಷಕ್ಕೆ 4.4 ಲೀಟರಿದ್ದ ಹರಿವು 2010–11ರ ಹೊತ್ತಿಗೆ 14.4 ಲೀಟರಿಗೆ ಏರಿತು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, 15 ಲೀಟರಿನ ಕೊಡ ತುಂಬಲು ಮೂರೂವರೆ ನಿಮಿಷ ಕಾಯುತ್ತಿದ್ದವರು ಆಗ ಒಂದು ನಿಮಿಷಕ್ಕೆ ಎತ್ತಿಕೊಂಡು ಹೊರಡುವಂತಾಯಿತು. ಹತ್ತು ಜನರ ಸಾಲಿನ ಕೊನೆಗೆ ನಿಂತ ಹುಡುಗಿಗೆ ಇದು ಸಣ್ಣ ಮಾತಲ್ಲ. ಶಾಲೆಯ ಗಂಟೆ ಬಾರಿಸುವ ಮೊದಲು ಅವಳು ಮನೆ ಸೇರುತ್ತಾಳೆ.

ಈ ಕೆಲಸದ ಕಷ್ಟ ಗುಂಡಿ ತೋಡುವುದರಲ್ಲಿಲ್ಲ. ಗುಂಡಿಗೆ ಜಾಗ ಕೊಡಬೇಕಾದವರು ಮೇಲಿನ ಮನೆಯವರು, ನೀರು ಸಿಗುವುದು ಕೆಳಗಿನ ಕೇರಿಗೆ. ತನ್ನ ಹೊಲ ಅಗೆಯಲು ಬಿಡುವ ರೈತನಿಗೆ ಕಾಣುವಂಥ ಲಾಭ ಏನೂ ಇಲ್ಲ. ಅವನ ಔದಾರ್ಯವೊಂದನ್ನೇ ನಂಬಿ ಯೋಜನೆ ಹಾಕುವುದು ನ್ಯಾಯವಲ್ಲ. ಹಣ್ಣಿನ ಗಿಡವೋ, ಮೇವಿನ ಹುಲ್ಲೋ, ಹೊಲದ ಬದುವಿನ ಕೆಲಸವೋ, ಅವನ ಪಾಲಿಗೂ ಏನಾದರೂ ಸಲ್ಲಬೇಕು. ಕೆಳಗಿನ ಕೊಡ ತುಂಬುವುದು ಅವನ ನೆಲದಲ್ಲಿ ಇಂಗಿದ ಮಳೆಯಿಂದ.