ಕಾರಿನ ನೆತ್ತಿಯ ಮೇಲೆ ಸೈಕಲ್ಲು: ಕ್ಯಾರಿಯರ್ ಕೊಳ್ಳುವ ಮುನ್ನ

ಗಿಡಕಸಿ, ಬೋರ್ಡೋ ದ್ರಾವಣ, ಕೊಳೆರೋಗ, ಧಾರಣೆ ಇವುಗಳ ಮಾತೇ ಹೆಚ್ಚಾಗಿರುವ ಈ ಪತ್ರಿಕೆಯಲ್ಲಿ ಸೈಕಲ್ಲಿನ ವಿಚಾರವೇಕೆ ಎಂದು ಹಿರಿಯ ಸದಸ್ಯರು ಕೇಳಬಹುದು. ಕಾರಣವಿದೆ. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಓದುತ್ತಿರುವ ಅಥವಾ ಉದ್ಯೋಗದಲ್ಲಿರುವ ನಮ್ಮ ಮಕ್ಕಳು ಈಚೆಗೆ ಗೇರಿನ ಸೈಕಲ್ಲುಗಳನ್ನು ಕೊಂಡಿದ್ದಾರೆ. ರಜೆಗೆ ಊರಿಗೆ ಬರುವಾಗ ಸೈಕಲ್ಲನ್ನೂ ತರಬೇಕೆಂಬುದು ಅವರ ಆಸೆ. ಹೋಂಸ್ಟೇ ನಡೆಸುವ ಸದಸ್ಯರ ಮನೆಗಳಿಗೆ ಬರುವ ಅತಿಥಿಗಳ ಕಾರಿನ ಮೇಲೂ ಸೈಕಲ್ಲುಗಳು ನಿಂತಿರುತ್ತವೆ. ಅದನ್ನು ಕಂಡ ಕೆಲವು ಸದಸ್ಯರು ಸಂಘದ ಕಛೇರಿಗೆ ಬಂದಾಗ, "ಅಂಥದ್ದೊಂದು ನಮಗೂ ಬೇಕು, ಯಾವುದನ್ನು ತೆಗೆದುಕೊಳ್ಳುವುದು?" ಎಂದು ವಿಚಾರಿಸಿದ್ದುಂಟು. ಅವರಿಗೆಲ್ಲ ಒಟ್ಟಾಗಿ ಉತ್ತರ ಹೇಳುವುದು ಈ ಲೇಖನದ ಉದ್ದೇಶ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಗೆ ಹೋಗಿ ಕ್ಯಾರಿಯರ್ ನೋಡುವುದು ಕೊನೆಯ ಕೆಲಸ. ಮೊದಲು ನೋಡಬೇಕಾದದ್ದು ನಮ್ಮ ಕಾರಿನ ಚಾವಣಿ, ಎರಡನೆಯದು ಸೈಕಲ್ಲು, ಇವೆರಡೂ ತಿಳಿದ ಮೇಲೆ ಕ್ಯಾರಿಯರ್. ಈ ಕ್ರಮ ತಪ್ಪಿದರೆ ಹಣ ಹೋಗುವುದಷ್ಟೇ ಅಲ್ಲ. ಘಾಟಿಯ ತಿರುವಿನಲ್ಲಿ ಹದಿನೈದು ಕಿಲೋ ತೂಕದ ಸೈಕಲ್ಲು ಕಳಚಿ ಬಿದ್ದರೆ ಅದು ಬೀಳುವುದು ಹಿಂದೆ ಬರುವ ಮೋಟಾರ್ ಸೈಕಲ್ ಸವಾರನ ಮೇಲೆ. ಆದ್ದರಿಂದ ಇದು ಶೋಕಿಯ ವಿಷಯವೆಂದು ತಳ್ಳಿಹಾಕತಕ್ಕದ್ದಲ್ಲ.

ಚಾವಣಿ ಎಷ್ಟು ಹೊರುತ್ತದೆ?

ಪ್ರತಿಯೊಂದು ಕಾರಿನ ಜೊತೆಗೂ ತಯಾರಕರು ಒಂದು ಕೈಪಿಡಿ ಕೊಟ್ಟಿರುತ್ತಾರೆ. ಬಹುಪಾಲು ಮನೆಗಳಲ್ಲಿ ಅದು ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಡನೆ ಹಾಗೆಯೇ ಉಳಿದಿರುತ್ತದೆ. ಅದನ್ನು ತೆಗೆದು ಚಾವಣಿಯ ಮೇಲೆ ಹೇರಬಹುದಾದ ಗರಿಷ್ಠ ತೂಕವೆಷ್ಟು ಎಂದು ಹುಡುಕಿರಿ. ಅನೇಕ ಕಾರುಗಳಲ್ಲಿ ಇದು 50ರಿಂದ 75 ಕಿಲೋ ಒಳಗೆ ಇರುತ್ತದೆ. ಕೆಲವು ಕಾರುಗಳಲ್ಲಿ ಚಾವಣಿಯ ಮೇಲೆ ಏನನ್ನೂ ಹೇರಕೂಡದೆಂದೇ ಬರೆದಿರುತ್ತದೆ.

ಈ ಲೆಕ್ಕ ನಮಗೆ ಅರ್ಥವಾಗಬೇಕಾದರೆ ಕಾಫಿ ಮೂಟೆಯನ್ನು ನೆನೆದರೆ ಸಾಕು. 50 ಕಿಲೋ ಮಿತಿಯ ಕಾರಿನ ಮೇಲೆ ಚೆರ್ರಿಯ ಒಂದೇ ಒಂದು ಮೂಟೆ ಇಟ್ಟರೆ ಅದರ ಶಕ್ತಿ ಮುಗಿಯಿತು. ಅದಕ್ಕಿಂತ ಹೆಚ್ಚು ಹೊರಿಸಿದರೂ ಚಾವಣಿ ಕೂಡಲೇ ಕುಸಿಯುವುದಿಲ್ಲ, ನಿಜ. ಆದರೆ ಈ ಮಿತಿಯನ್ನು ಹಾಕಿರುವುದು ನಿಂತ ಕಾರಿಗಲ್ಲ, ಓಡುವ ಕಾರಿಗೆ. ಬ್ರೇಕು, ತಿರುವು, ಗುಂಡಿ ಎಲ್ಲವನ್ನೂ ಲೆಕ್ಕ ಹಿಡಿದು ಹಾಕಿದ ಮಿತಿ ಅದು.

ಇನ್ನೊಂದು ಸಂಗತಿಯನ್ನು ಹಲವರು ಮರೆಯುತ್ತಾರೆ. ಈ ಮಿತಿಯೊಳಗೆ ಸೈಕಲ್ಲಿನ ತೂಕ ಮಾತ್ರವಲ್ಲ, ಚಾವಣಿಯ ಅಡ್ಡಪಟ್ಟಿಗಳ ತೂಕ ಮತ್ತು ಸೈಕಲ್ ನಿಲ್ಲಿಸುವ ತಟ್ಟೆಯ ತೂಕವೂ ಸೇರಿರಬೇಕು. ಅಡ್ಡಪಟ್ಟಿಗಳ ಜೊತೆ ಸುಮಾರು 6 ಕಿಲೋ, ಒಂದೊಂದು ತಟ್ಟೆ ಸುಮಾರು 4 ಕಿಲೋ ಎಂದಿಟ್ಟುಕೊಳ್ಳೋಣ. 50 ಕಿಲೋ ಮಿತಿಯ ಕಾರಿಗೆ ಎರಡು ತಟ್ಟೆ ಹಾಕಿದರೆ 14 ಕಿಲೋ ಅಲ್ಲಿಗೇ ಹೋಯಿತು. ಉಳಿದ 36 ಕಿಲೋದಲ್ಲಿ ಹದಿನಾರು ಕಿಲೋದ ಎರಡು ಸೈಕಲ್ಲು ಹಿಡಿಯುತ್ತವೆ. ಮೂರನೆಯದಕ್ಕೆ ಸ್ಥಳವಿದ್ದರೂ ಶಕ್ತಿಯಿಲ್ಲ.

ಚಾವಣಿಯ ಬಗೆಗಳು

ಅಂಬಾಸಿಡರ್ ಕಾರಿನ ಕಾಲದಲ್ಲಿ ಈ ಗೊಡವೆ ಇರಲಿಲ್ಲ. 2014ರಲ್ಲಿ ತಯಾರಿಕೆ ನಿಂತ ಆ ಕಾರಿನ ಚಾವಣಿಯ ಎರಡೂ ಬದಿಗೆ ಮಳೆನೀರು ಹರಿಯುವ ತಗಡಿನ ದೋಣಿ ಇತ್ತು. ಕ್ಯಾರಿಯರಿನ ಕಾಲುಗಳು ಅದರಲ್ಲಿ ಭದ್ರವಾಗಿ ಕೂರುತ್ತಿದ್ದವು. ಇಂದಿನ ಕಾರುಗಳಲ್ಲಿ ಆ ದೋಣಿ ಇಲ್ಲ. ಅದರ ಬದಲು ನಾಲ್ಕು ಬಗೆಗಳನ್ನು ಕಾಣುತ್ತೇವೆ.

1. ಚಾವಣಿಯಿಂದ ಮೇಲೆದ್ದು, ಕೆಳಗೆ ಕೈ ತೂರಿಸಬಹುದಾದ ಉದ್ದನೆಯ ರೂಫ್ ರೈಲು.
2. ಚಾವಣಿಗೆ ಅಂಟಿಕೊಂಡಂತಿದ್ದು ನಡುವೆ ಸಂದಿಲ್ಲದ ರೈಲು.
3. ಮುಚ್ಚಳದ ಕೆಳಗೆ ಬೋಲ್ಟ್ ಹಾಕಲು ತಯಾರಕರೇ ಬಿಟ್ಟಿರುವ ತೂತುಗಳು.
4. ಏನೂ ಇಲ್ಲದ ಬರಿಯ ಚಾವಣಿ. ಇದಕ್ಕೆ ಬಾಗಿಲಿನ ಚೌಕಟ್ಟನ್ನು ಹಿಡಿಯುವ ಕ್ಲಿಪ್ಪುಗಳೇ ಆಧಾರ.

ಒಂದು ಬಗೆಗೆ ಮಾಡಿದ ಕಾಲು ಇನ್ನೊಂದಕ್ಕೆ ಒಗ್ಗುವುದಿಲ್ಲ. ನಾಲ್ಕನೆಯ ಬಗೆಯಲ್ಲಂತೂ ಕಾರಿನ ಮಾದರಿಗೂ ಇಸವಿಗೂ ಸರಿಹೊಂದುವ ಕ್ಲಿಪ್ಪನ್ನೇ ಹಾಕಬೇಕು. ಕೆಲವು ಕಾರುಗಳ ರೂಫ್ ರೈಲು ಅಲಂಕಾರಕ್ಕಷ್ಟೇ ಇರುವುದುಂಟು. ನೋಡಲು ಗಟ್ಟಿಯಾಗಿ ಕಂಡರೂ ಅದರ ಮೇಲೆ ಭಾರ ಹಾಕಕೂಡದು. ಇದನ್ನೂ ಕೈಪಿಡಿ ನೋಡಿಯೇ ತಿಳಿಯಬೇಕು.

ಕ್ಯಾನ್ವಾಸ್ ಹುಡ್ಡಿನ ಜೀಪು ಇರುವವರು ಚಾವಣಿಯ ಆಸೆಯನ್ನೇ ಬಿಡಬೇಕು. ಚಾವಣಿಯಲ್ಲಿ ಗಾಜಿನ ಕಿಟಕಿ ಇರುವ ಕಾರಿನಲ್ಲಿ ಅದು ಮೇಲೇಳುವಾಗ ಅಡ್ಡಪಟ್ಟಿಗೆ ತಾಗುತ್ತದೆಯೇ, ಹಿಂಬಾಗಿಲನ್ನು ಎತ್ತಿದಾಗ ಸೈಕಲ್ಲಿನ ಹಿಂಚಕ್ರಕ್ಕೆ ಬಡಿಯುತ್ತದೆಯೇ ಎಂದು ನೋಡಬೇಕು. ಮನೆಯಲ್ಲಿ ಪಿಕಪ್ ಇದ್ದವರಿಗೆ ನನ್ನ ಸಲಹೆ ಒಂದೇ: ಹಿಂದೆ ಹಳೆಯ ಗೋಣಿ ಹಾಸಿ, ಸೈಕಲ್ಲು ನಿಲ್ಲಿಸಿ, ಬಿಗಿಯಾಗಿ ಕಟ್ಟಿಕೊಂಡು ಹೋಗಿ. ಒಂದು ರೂಪಾಯಿಯೂ ಖರ್ಚಿಲ್ಲ.

ಸೈಕಲ್ಲನ್ನು ತೂಗಿ ನೋಡಿ

ಸಂಘದ ಗೋದಾಮಿನಲ್ಲಿ ತಕ್ಕಡಿ ಇದೆ. ಸೈಕಲ್ಲನ್ನು ತಂದು ತೂಗಬಹುದು. ರೋಡ್ ಸೈಕಲ್ಲು 8ರಿಂದ 10 ಕಿಲೋ, ಬೆಟ್ಟದ ದಾರಿಯ ಗೇರ್ ಸೈಕಲ್ಲು 14ರಿಂದ 17 ಕಿಲೋ ತೂಗುವುದು ಸಾಮಾನ್ಯ. ಪೇಟೆಗೆ ಹಾಲು ಒಯ್ಯುತ್ತಿದ್ದ ನಮ್ಮ ಹಳೆಯ ಉಕ್ಕಿನ ಸೈಕಲ್ಲು 20 ಕಿಲೋ ಮೀರುತ್ತದೆ. ಬ್ಯಾಟರಿ ಸೈಕಲ್ಲುಗಳೂ ಹಾಗೆಯೇ. ಚಾವಣಿಯ ತಟ್ಟೆಗಳು ಹೆಚ್ಚಾಗಿ ಒಂದು ಸೈಕಲ್ಲಿಗೆ 15ರಿಂದ 20 ಕಿಲೋ ಮಿತಿ ಇಟ್ಟುಕೊಂಡಿರುತ್ತವೆ. ಬ್ಯಾಟರಿಯನ್ನು ಕಳಚಿ ಕಾರಿನೊಳಗೆ ಇಟ್ಟರೂ ಮಿತಿ ಮೀರುವುದಾದರೆ ಅದನ್ನು ಮೇಲೆ ಏರಿಸತಕ್ಕದ್ದಲ್ಲ.

ತೂಕದ ಜೊತೆಗೆ ಎತ್ತುವವರನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಳೆತ್ತರದ ಕಾರಿನ ಮೇಲೆ ಹದಿನಾರು ಕಿಲೋ ಸೈಕಲ್ಲನ್ನು ಓರೆಯಾಗದಂತೆ ಎತ್ತಿ ಹಿಡಿದು ಕೂರಿಸುವುದು ಒಬ್ಬರ ಕೆಲಸವಲ್ಲ. ಮಳೆಯಲ್ಲಿ ಬಾಗಿಲಿನ ಹೊಸ್ತಿಲ ಮೇಲೆ ಕೆಸರುಗಾಲಿನಲ್ಲಿ ನಿಂತು ಎತ್ತಲು ಹೋಗಿ ಸೊಂಟ ಉಳುಕಿಸಿಕೊಳ್ಳುವುದಕ್ಕಿಂತ ಗಟ್ಟಿಯಾದ ಸಣ್ಣ ಮಣೆ ಜೊತೆಗಿರುವುದು ಮೇಲು.

ಮೂರು ಬಗೆಯ ಕ್ಯಾರಿಯರ್

ಸ್ವೀಡನ್ ದೇಶದಲ್ಲಿ 1942ರಲ್ಲಿ ಆರಂಭವಾದ ಥೂಲೆ ಸಂಸ್ಥೆ ತನ್ನ ಮೊದಲ ಚಾವಣಿ ಕ್ಯಾರಿಯರನ್ನು ತಂದದ್ದು 1962ರಲ್ಲಿ. ಅಲ್ಲಿಂದೀಚೆಗೆ ಹಲವು ತಯಾರಕರು ಹಲವು ಮಾದರಿ ಮಾಡಿದ್ದಾರೆ. ಹೆಸರು ಏನೇ ಇರಲಿ, ಸೈಕಲ್ಲನ್ನು ಹಿಡಿಯುವ ರೀತಿ ಮೂರೇ.

ಮೊದಲನೆಯದು, ಮುಂಚಕ್ರ ಬಿಚ್ಚಿ ಫೋರ್ಕನ್ನು ಹಿಡಿಸುವ ಬಗೆ. ಸೈಕಲ್ಲು ತಗ್ಗಾಗಿ ಕೂರುತ್ತದೆ, ಅಲುಗಾಟ ಕಡಿಮೆ, ಕ್ಯಾರಿಯರೂ ಹಗುರ. ಆದರೆ ಬಿಚ್ಚಿದ ಚಕ್ರಕ್ಕೆ ಡಿಕ್ಕಿಯಲ್ಲಿ ಜಾಗ ಬೇಕು. ಅಚ್ಚಿನ ಅಳತೆಯೂ ಹೊಂದಬೇಕು. ಹಳೆಯ ಕ್ವಿಕ್ ರಿಲೀಸ್ ಅಚ್ಚು ಬೇರೆ. ಈಗಿನ ರೋಡ್ ಸೈಕಲ್ಲುಗಳಲ್ಲಿ 12 ಮಿಲಿಮೀಟರ್, ಬೆಟ್ಟದ ಸೈಕಲ್ಲುಗಳಲ್ಲಿ 15 ಮಿಲಿಮೀಟರ್ ದಪ್ಪದ ತೂರು ಅಚ್ಚು ಬರುತ್ತದೆ. ಎಣ್ಣೆಯ ಡಿಸ್ಕ್ ಬ್ರೇಕ್ ಇದ್ದರೆ, ಚಕ್ರ ಬಿಚ್ಚಿರುವಾಗ ಬ್ರೇಕ್ ಹಿಡಿಕೆಯನ್ನು ಒತ್ತಕೂಡದು. ಒತ್ತಿದರೆ ಒಳಗಿನ ಬಿಲ್ಲೆಗಳು ಕೂಡಿಕೊಂಡು ಚಕ್ರ ಮತ್ತೆ ಒಳಗೆ ಹೋಗುವುದಿಲ್ಲ. ನಡುವೆ ಇಡುವ ಪ್ಲಾಸ್ಟಿಕ್ ತುಂಡು ಸಿಗುತ್ತದೆ, ಅದನ್ನು ಇಡಬೇಕು.

ಎರಡನೆಯದು, ಸೈಕಲ್ಲಿನ ಕೆಳಕೊಳವೆಯನ್ನು ತೋಳಿನಿಂದ ಹಿಡಿಯುವ ಬಗೆ. ಚಕ್ರ ಬಿಚ್ಚಬೇಕಾಗಿಲ್ಲ. ಉಕ್ಕು ಹಾಗೂ ಅಲ್ಯುಮಿನಿಯಂ ಚೌಕಟ್ಟಿಗೆ ಇದು ಸರಿ. ಕಾರ್ಬನ್ ಚೌಕಟ್ಟಿನ ಸೈಕಲ್ಲಿಗೆ ಮಾತ್ರ ಇದು ಬೇಡ. ಹಿಡಿತದ ಒತ್ತಡಕ್ಕೆ ಒಳಗೇ ಬಿರುಕು ಬಿಡಬಹುದು, ಅದು ಹೊರಗೆ ಕಾಣದಿರಬಹುದು. ಮಕ್ಕಳ ಸೈಕಲ್ಲಿನ ಗಿಡ್ಡ ಚೌಕಟ್ಟು, ತಗ್ಗಿದ ಕೊಳವೆಯ ಹೆಂಗಸರ ಸೈಕಲ್ಲು ಇವಕ್ಕೆ ಈ ತೋಳು ಸರಿಯಾಗಿ ಎಟಕುವುದಿಲ್ಲ.

ಮೂರನೆಯದು, ಚಕ್ರವನ್ನೇ ಹಿಡಿಯುವ ಬಗೆ. ಒಂದು ಕೊಕ್ಕೆ ಮುಂಚಕ್ರವನ್ನು ಅಪ್ಪಿ ಹಿಡಿದರೆ, ಹಿಂಚಕ್ರಕ್ಕೆ ಪಟ್ಟಿ ಬಿಗಿಯುತ್ತೇವೆ. ಚೌಕಟ್ಟಿಗೆ ಏನೂ ತಾಗುವುದಿಲ್ಲವಾದ್ದರಿಂದ ಬೆಲೆಬಾಳುವ ಸೈಕಲ್ಲಿಗೆ ಇದು ಸುರಕ್ಷಿತ. ತೂಕ ಮತ್ತು ಬೆಲೆ ಎರಡೂ ಸ್ವಲ್ಪ ಹೆಚ್ಚು. ಚಕ್ರಕ್ಕೆ ಮಡ್‌ಗಾರ್ಡ್ ಇದ್ದರೆ ಕೊಕ್ಕೆ ಕೂರುತ್ತದೆಯೇ ಎಂದು ನೋಡಿಕೊಳ್ಳಬೇಕು.

ಒಂದೇ ಮನೆಯಲ್ಲಿ ಬೇರೆ ಬೇರೆ ಬಗೆಯ ಸೈಕಲ್ಲುಗಳಿದ್ದರೆ ಮೂರನೆಯದೂ, ಒಂದೇ ರೋಡ್ ಸೈಕಲ್ಲಿದ್ದರೆ ಮೊದಲನೆಯದೂ, ಸಾಧಾರಣ ಅಲ್ಯುಮಿನಿಯಂ ಸೈಕಲ್ಲಿಗೆ ಎರಡನೆಯದೂ ಸಾಕೆಂಬುದು ನನ್ನ ಅಭಿಪ್ರಾಯ.

ಹಗ್ಗ ಸಾಲದೇ?

ಏಣಿ, ಪೈಪು, ಸ್ಪ್ರೇಯರ್ ಎಲ್ಲವನ್ನೂ ಹಗ್ಗದಲ್ಲಿ ಕಟ್ಟಿ ತಂದ ನಮಗೆ ಇದು ಸಹಜವಾದ ಪ್ರಶ್ನೆ. ಏಣಿ ಮಲಗುತ್ತದೆ, ಸೈಕಲ್ಲು ನಿಲ್ಲುತ್ತದೆ, ವ್ಯತ್ಯಾಸ ಅಲ್ಲಿದೆ. ಒದ್ದೆಯಾದಾಗ ಕಟ್ಟಿದ ಸೆಣಬಿನ ಹಗ್ಗ ಒಣಗಿದಾಗ ಸಡಿಲವಾಗುತ್ತದೆ. ಹಳೆಯ ಟ್ಯೂಬು ಹಿಗ್ಗುತ್ತದೆ. ಹೀಗಾಗಿ ಇವು ಹೆಚ್ಚಿನ ಭದ್ರತೆಗೆ ಎರಡನೆಯ ಕಟ್ಟಾಗಬಹುದೇ ಹೊರತು ಕ್ಯಾರಿಯರಿನ ಸ್ಥಾನ ತುಂಬಲಾರವು.

ಹಿಂಬಾಗಿಲಿಗೆ ತೂಗುಹಾಕುವ ಕ್ಯಾರಿಯರ್ ಅಗ್ಗವಾಗಿ ಸಿಗುತ್ತದೆ. ಎತ್ತುವ ಶ್ರಮವೂ ಕಡಿಮೆ. ಆದರೆ ಅದರಲ್ಲಿ ನೇತಾಡುವ ಸೈಕಲ್ಲು ನಂಬರ್ ಪ್ಲೇಟನ್ನೂ ಹಿಂದಿನ ದೀಪಗಳನ್ನೂ ಮರೆಮಾಡಬಹುದು. ಘಾಟಿಯ ಮಂಜಿನಲ್ಲಿ ಹಿಂದೆ ಬರುವವನಿಗೆ ನಮ್ಮ ಬ್ರೇಕ್ ದೀಪ ಕಾಣದಿರುವುದು ಎಷ್ಟು ಅಪಾಯವೆಂದು ಹೇಳಬೇಕಾಗಿಲ್ಲ. ಚಾವಣಿಯ ಕ್ಯಾರಿಯರಿಗೆ ಈ ದೋಷವಿಲ್ಲ. ಕಾರಿನ ತಗಡನ್ನು ಕೊರೆದು, ಬೆಸುಗೆ ಹಾಕಿಸಿ ಶಾಶ್ವತವಾಗಿ ಕೂರಿಸುವ ಸಾಹಸ ಮಾತ್ರ ಬೇಡ. ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ.

ಎತ್ತರ ಮತ್ತು ಗಾಳಿ

ಒಂದೂವರೆ ಮೀಟರ್ ಎತ್ತರದ ಕಾರಿನ ಮೇಲೆ ಸೈಕಲ್ಲು ನಿಂತರೆ ಒಟ್ಟು ಎತ್ತರ ಎರಡೂಮುಕ್ಕಾಲು ಮೀಟರಿನ ಹತ್ತಿರ ಬರುತ್ತದೆ. ದಾರಿಯುದ್ದಕ್ಕೂ ಇದು ನೆನಪಿದ್ದರೂ, ಮನೆ ಸೇರಿದ ಸಮಾಧಾನದಲ್ಲಿ ಮರೆತುಹೋಗುತ್ತದೆ. ತೋಟದ ಗೇಟಿನ ಕಮಾನು, ಬಾಗಿದ ನೆರಳುಮರದ ಕೊಂಬೆ, ಜೋತುಬಿದ್ದ ತಂತಿ, ಪೋರ್ಟಿಕೋ ಇವೇ ಅಪಾಯದ ಜಾಗಗಳು. ಪೇಟೆಯಲ್ಲಾದರೆ ನೆಲಮಾಳಿಗೆಯ ಪಾರ್ಕಿಂಗ್. ಒಟ್ಟು ಎತ್ತರವನ್ನು ಟೇಪಿನಲ್ಲಿ ಅಳೆದು, ಚೀಟಿಯಲ್ಲಿ ಬರೆದು ಚಾಲಕನ ಕಣ್ಣೆದುರು ಅಂಟಿಸುವುದು ಸುಲಭವಾದ ಉಪಾಯ.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಇದ್ದ ತಡೆ 100ರಲ್ಲಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಚಾವಣಿಯ ಮೇಲಿನ ದೊಡ್ಡ ಸಾಮಾನು ಪೆಟ್ಟಿಗೆಯಿಂದ ಇಂಧನ ಮಿತವ್ಯಯ ಊರೊಳಗಿನ ಓಡಾಟದಲ್ಲಿ ಶೇಕಡಾ 2ರಿಂದ 8, ಹೆದ್ದಾರಿಯಲ್ಲಿ ಶೇಕಡಾ 6ರಿಂದ 17ರಷ್ಟು ಇಳಿಯುತ್ತದೆಂದು ಅಮೆರಿಕ ಸರ್ಕಾರದ ಇಂಧನ ಇಲಾಖೆ ತಿಳಿಸಿದೆ. ಸೈಕಲ್ಲು ಪೆಟ್ಟಿಗೆಯಲ್ಲದಿದ್ದರೂ ಗಾಳಿಗೆ ಅಡ್ಡ ನಿಲ್ಲುವುದೇ. ಆದಕಾರಣ ವೇಗ ತಗ್ಗಿಸಿ. ರಜೆ ಮುಗಿದ ಮೇಲೆ ಪಟ್ಟಿಗಳನ್ನು ಇಳಿಸಿಡಿ. ಸೈಕಲ್ಲಿಗೆ ಪ್ಲಾಸ್ಟಿಕ್ ಹೊದಿಕೆ ಹೊದಿಸಬೇಡಿ, ಅದು ಹಾಯಿಯಂತೆ ಗಾಳಿ ತುಂಬಿಕೊಳ್ಳುತ್ತದೆ.

ತೂಕ ಮೇಲಿದ್ದಷ್ಟೂ ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಚಾರ್ಮಾಡಿ, ಆಗುಂಬೆ, ಸಂಪಾಜೆಯ ದಾರಿಗಳಲ್ಲಿ ತಿರುವು ಬರುವ ಮೊದಲೇ ವೇಗ ಇಳಿಸಿಕೊಳ್ಳಬೇಕು. ತಿರುವಿನ ನಡುವೆ ಬ್ರೇಕ್ ತುಳಿಯುವ ಅಭ್ಯಾಸ ಬಿಡಬೇಕು.

ಜೋಡಣೆ ಮತ್ತು ನಿಗಾ

ಅಡ್ಡಪಟ್ಟಿಗಳ ನಡುವಿನ ಅಂತರ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ. ಕಾಲುಗಳನ್ನು ಕೂರಿಸುವ ಮೊದಲು ಚಾವಣಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ನಮ್ಮ ಕೆಮ್ಮಣ್ಣಿನ ಧೂಳು ರಬ್ಬರಿನ ಕೆಳಗೆ ಸಿಕ್ಕರೆ ಬಣ್ಣ ಕೆರೆಯುತ್ತದೆ. ಬೋಲ್ಟುಗಳನ್ನು ಹೇಳಿದಷ್ಟೇ ಬಿಗಿಯಬೇಕು, ಬಲವಿದೆಯೆಂದು ತಿರುಗಿಸುತ್ತಾ ಹೋಗಬಾರದು. ಹೊರಡುವ ಮುನ್ನ ಸೈಕಲ್ಲನ್ನು ಹಿಡಿದು ಅಲುಗಿಸಿ. ಸೈಕಲ್ಲಿನೊಡನೆ ಕಾರೂ ಅಲುಗಿದರೆ ಜೋಡಣೆ ಸರಿಯಾಗಿದೆ. ಸೈಕಲ್ಲು ಮಾತ್ರ ಅಲುಗಿದರೆ ಇಳಿಸಿ ಮತ್ತೆ ಕಟ್ಟಿ. ಐವತ್ತು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಂತು ನೋಡಿ. ನೀರಿನ ಬಾಟಲಿ, ಪಂಪು, ಮಗುವಿನ ಸೀಟು ಇವನ್ನು ಮೊದಲೇ ಕಳಚಿಡಿ. ಮಳೆಯಲ್ಲಿ ಬಂದಿದ್ದರೆ ಊರು ಸೇರಿದೊಡನೆ ಒರೆಸಿ ಸರಪಳಿಗೆ ಎಣ್ಣೆ ಬಿಡಿ.

ಕೊಳ್ಳುವಾಗ ಚಾವಣಿ ಕ್ಯಾರಿಯರಿನ ಅಂತರರಾಷ್ಟ್ರೀಯ ಮಾನಕವಾದ ಐ.ಎಸ್.ಒ. 11154ಕ್ಕೆ ಒಪ್ಪುತ್ತದೆಯೇ ಎಂದು ವಿಚಾರಿಸಿ. ರಬ್ಬರ್, ಪಟ್ಟಿ, ಬೀಗದ ಕೈ ಬಿಡಿಯಾಗಿ ಸಿಗುತ್ತವೆಯೇ ಕೇಳಿ. ನಿಮ್ಮ ಕಾರಿಗೆ, ನಿಮ್ಮದೇ ಸೈಕಲ್ಲನ್ನು ಏರಿಸಿ ತೋರಿಸಿದ ಮೇಲೆಯೇ ಹಣ ಕೊಡಿ.

ಕೊನೆಯದಾಗಿ ಒಂದು ಸೂಚನೆ. ಅಡ್ಡಪಟ್ಟಿಯ ಕಾಲುಗಳು ಆಯಾ ಕಾರಿಗೇ ಮೀಸಲಾದರೂ, ಮೇಲಿನ ಸೈಕಲ್ ತಟ್ಟೆಯನ್ನು ಒಂದೇ ಆಕಾರದ ಪಟ್ಟಿಗಳಿರುವ ಬೇರೆ ಕಾರಿಗೂ ಸಾಮಾನ್ಯವಾಗಿ ಹಾಕಬಹುದು. ವರ್ಷದಲ್ಲಿ ನಾಲ್ಕಾರು ಸಲ ಉಪಯೋಗವಾಗುವ ವಸ್ತುವನ್ನು ಪ್ರತಿ ಮನೆಯವರೂ ಕೊಳ್ಳುವ ಬದಲು, ಪಟ್ಟಿಗಳನ್ನು ಅವರವರು ತೆಗೆದುಕೊಂಡು ಎರಡು ಮೂರು ತಟ್ಟೆಗಳನ್ನು ಸಂಘದಲ್ಲಿ ಇಟ್ಟರೆ ಎಲ್ಲರಿಗೂ ಆದೀತು. ಆಸಕ್ತಿಯುಳ್ಳ ಸದಸ್ಯರು ತಮ್ಮ ಕಾರಿನ ಮಾದರಿ, ಇಸವಿ, ಕೈಪಿಡಿಯಲ್ಲಿರುವ ಚಾವಣಿ ಮಿತಿ ಮತ್ತು ಸೈಕಲ್ಲಿನ ತೂಕವನ್ನು ಬರೆದು ಕಛೇರಿಗೆ ಕೊಡಬೇಕಾಗಿ ವಿನಂತಿ. ಸಾಕಷ್ಟು ಹೆಸರು ಬಂದರೆ ವಿಷಯವನ್ನು ಆಡಳಿತ ಮಂಡಳಿಯ ಸಭೆಯ ಮುಂದೆ ಇಡಲಾಗುವುದು.

— ಕಾರ್ಯದರ್ಶಿ